ಇಬ್ಬರು ಸುಬ್ರಾಯರು: ಶಿರಸಿಯ ಎರಡು ಹಳೆಯ ಪತ್ರಗಳನ್ನು ಓದಿದ ಬಗೆ

ಶಿರಸಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆತನ. ಮೆತ್ತಿನ ಮೇಲಿನ ಮರದ ಪೆಟ್ಟಿಗೆಯಲ್ಲಿ ಒಂದು ಕಟ್ಟು ಹಳೆಯ ಕಾಗದಗಳಿದ್ದವು. ಅದರ ಜೊತೆಗೆ ಆ ಮನೆಯ ದೊಡ್ಡಜ್ಜ 1960ರ ದಶಕದಲ್ಲಿ ಬರೆದಿಟ್ಟ ವಂಶಾವಳಿಯ ನೋಟ್‌ಬುಕ್ಕೂ ಇತ್ತು. ನೋಟ್‌ಬುಕ್ಕಿನ ಎರಡನೆಯ ಪುಟದಲ್ಲಿ ಹೀಗಿದೆ: ಸುಬ್ರಾಯ ಬಿನ್ ಗಣಪ ಎಂಬವನು ವಿಕ್ರಮ ಸಂವತ್ಸರದ ಶ್ರಾವಣದಲ್ಲಿ ತೋಟವನ್ನು ಕುಮಟಾ ಕಡೆಯ ಸಾಹುಕಾರನಿಗೆ ಭೋಗ್ಯಕ್ಕೆ ಹಾಕಿದ, ಅದೇ ವರ್ಷದ ಆಶ್ವೀಜದಲ್ಲಿ ಬಿಡಿಸಿಕೊಂಡ. ವರ್ಷ ಶಕ 1802, ಅಂದರೆ ಕ್ರಿ.ಶ. 1880. ಎರಡೇ ತಿಂಗಳಲ್ಲಿ ಸಾಲ ತೀರಿಸಿದ ಗಟ್ಟಿಗನೆಂದು ಈ ಸುಬ್ರಾಯನ ಕತೆಯನ್ನು ಆ ಮನೆಯಲ್ಲಿ ಮೂರು ತಲೆಮಾರು ಹೇಳಿಕೊಂಡು ಬಂದಿದೆ. ಪತ್ರದ ಖರ್ಚೆಂದು ಸಾಲದ ಅರ್ಧದಷ್ಟು ಹಣ ಕಿತ್ತುಕೊಂಡವನೆಂದು ಸಾಹುಕಾರನನ್ನು ಬೈದುಕೊಂಡೂ ಬಂದಿದೆ. (ಪತ್ರಗಳಲ್ಲಿರುವ ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ.)

ಕತೆಯನ್ನು ಮೊದಲು ಅನುಮಾನಿಸಿದ್ದು ಆ ಮನೆಯ ಮಗಳು. ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದಾಳೆ, ರಜೆಗೆ ತವರಿಗೆ ಬಂದಿದ್ದಳು. ಅವಳ ಅನುಮಾನಕ್ಕೂ ಲಿಪಿಗೂ ಸಂಬಂಧವಿರಲಿಲ್ಲ. ಅದು ಹುಟ್ಟಿದ್ದು ತೋಟದ ಲೆಕ್ಕದಿಂದ. “ಅಡಿಕೆಯವರ ಕೈಗೆ ದುಡ್ಡು ಬರುವುದು ಕೊನೆಕೊಯ್ಲಿನ ನಂತರ. ಶ್ರಾವಣದಲ್ಲಿ ಸಾಲ ಮಾಡುವಷ್ಟು ತಾಪತ್ರಯ ಇದ್ದವರು ಕೊಯ್ಲಿಗೆ ಮುಂಚೆ, ಆಶ್ವೀಜದಲ್ಲಿ, ಅಷ್ಟು ಹಣವನ್ನು ಎಲ್ಲಿಂದ ತಂದರು ಮಾಸ್ತರೆ?” ಎಂದು ಕೇಳಿದಳು. ಪಕ್ಕದಲ್ಲಿ ಕುಳಿತಿದ್ದ ಅವಳ ದೊಡ್ಡಪ್ಪ, “ಅದನ್ನು ಬರೆದಿಟ್ಟವರು ನಮ್ಮೆಲ್ಲರಿಗಿಂತ ಹೆಚ್ಚು ಓದಿದವರು, ಕೂಸೆ” ಎಂದರು. ಆ ಮಾತೂ ನಿಜವೇ. ದೊಡ್ಡಜ್ಜನಿಗೆ ಸಂಸ್ಕೃತ, ಕನ್ನಡ ಎರಡೂ ಚೆನ್ನಾಗಿ ಬರುತ್ತಿದ್ದವು. ಹಾಗೆ ಚೆನ್ನಾಗಿ ಬರುತ್ತಿದ್ದುದೇ ಈ ಪ್ರಕರಣದಲ್ಲಿ ತೊಡಕಾಯಿತು ಎಂಬುದು ನನ್ನ ಅಭಿಪ್ರಾಯ. ಭಾಷೆ ಬಲ್ಲವನು ನಾಲ್ಕು ಅಕ್ಷರ ಕಂಡೊಡನೆ ವಾಕ್ಯ ಮುಗಿಸಿಬಿಡುತ್ತಾನೆ. ಹಳೆಯ ಕೈಬರಹಕ್ಕೆ ಬೇಕಾದದ್ದು ಅಷ್ಟು ಬೇಗ ವಾಕ್ಯ ಮುಗಿಸದ ಕಣ್ಣು.

ಕಟ್ಟು ಬಿಚ್ಚಿದಾಗ

ಕಟ್ಟಿನಲ್ಲಿ ಸುಮಾರಷ್ಟು ಕಾಗದಗಳಿದ್ದರೂ ನಮಗೆ ಬೇಕಾಗಿದ್ದದ್ದು ಎರಡು: ಭೋಗ್ಯಪತ್ರ ಮತ್ತು ಅದನ್ನು ಬಿಡಿಸಿಕೊಂಡ ಪತ್ರ. ಮನೆಯವರು ಎರಡನ್ನೂ “ಮೋಡಿ” ಎಂದೇ ಕರೆಯುತ್ತಿದ್ದರು. ಕಾರವಾರದಿಂದ ಭಟ್ಕಳದವರೆಗೆ ಓದಲು ಬಾರದ ಯಾವ ಬರಹಕ್ಕೂ ಜನ ಇದೇ ಹೆಸರು ಕೊಡುತ್ತಾರೆ. ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಮರಾಠಿಯ ಮೋಡಿ ಬೇರೆಯೇ ಲಿಪಿ. ಅದರಲ್ಲಿ ಪುಟದ ಉದ್ದಕ್ಕೂ ಮೊದಲು ತಲೆಗೆರೆ ಎಳೆದುಕೊಂಡು, ಆಮೇಲೆ ಲೇಖನಿಯನ್ನು ಆದಷ್ಟು ಎತ್ತದೆ ಅಕ್ಷರಗಳನ್ನು ಆ ಗೆರೆಗೆ ಜೋತುಬಿಡುತ್ತಾರೆ. ಹ್ರಸ್ವ ದೀರ್ಘದ ಇಕಾರ ಉಕಾರಗಳಿಗೆ ಅಲ್ಲಿ ಬೇರೆ ಬೇರೆ ಗುರುತಿಲ್ಲ. ಕನ್ನಡದ ಮೋಡಿ ಎಂದರೆ ಕನ್ನಡ ಅಕ್ಷರಗಳನ್ನೇ ಅವಸರದಲ್ಲಿ ಕೂಡಿಸಿ ಬರೆದದ್ದು. ಗೆರೆಯಿಂದ ಅಕ್ಷರ ತೂಗಿದ್ದರೆ ಮರಾಠಿ ಬಲ್ಲವರನ್ನು ಹುಡುಕಬೇಕು. ಅಕ್ಷರಗಳು ಗುಂಡಗೆ ಉರುಳಿಕೊಂಡು ಹೋಗಿದ್ದರೆ ನಮ್ಮ ಪಾಲಿಗೆ ಬಂತೆಂದು ತಿಳಿಯಬೇಕು. ಈ ಕಟ್ಟಿನಲ್ಲಿ ಮರಾಠಿ ಮೋಡಿಯ ಒಂದು ಚೀಟಿಯೂ ಇತ್ತು. ಕಾರವಾರದ ಪರಿಚಿತರೊಬ್ಬರಿಗೆ ಅದರ ಚಿತ್ರ ಕಳಿಸಿದೆವು. ಬೆಲ್ಲ, ಎಣ್ಣೆ, ಉಪ್ಪಿನ ಅಂಗಡಿ ಲೆಕ್ಕವೆಂದು ತಿಳಿಯಿತು. ಅದರ ಕತೆ ಅಲ್ಲಿಗೆ ಮುಗಿಯಿತು.

ಎರಡು ಪತ್ರಗಳೂ ಕನ್ನಡದವು. ಭೋಗ್ಯಪತ್ರದ ಮೇಲಂಚು ಹರಿದಿತ್ತು. ಮಡಿಕೆಯ ಸಾಲಿನಲ್ಲಿ ಕಾಗದ ಬಿರಿದು, ಶಕ ವರ್ಷದ ಮೊದಲ ಮೂರು ಅಂಕಿಗಳು ಉದುರಿಹೋಗಿ, ಕೊನೆಯ ೨ ಮಾತ್ರ ಉಳಿದಿತ್ತು. ಬಿಡುಗಡೆ ಪತ್ರದಲ್ಲಿ ೧೮೦೨ ಎಂಬುದು ಸ್ಪಷ್ಟವಾಗಿತ್ತು. ಆದರೆ ಹಿಂದೊಮ್ಮೆ ಯಾರೋ ಅದನ್ನು ಗಟ್ಟಿ ಮಾಡಲೆಂದು ಹಿಂಬದಿಗೆ ಹಿಟ್ಟಿನ ಅಂಟು ಹಾಕಿ ಹಳೆಯ ಪಂಚಾಂಗದ ಹಾಳೆ ಅಂಟಿಸಿದ್ದರು. ಹಿಂಬದಿಯಲ್ಲಿ ಏನು ಬರೆದಿದೆ ಎಂಬುದು ಅದರಡಿಯಲ್ಲಿ ಹೂತುಹೋಗಿತ್ತು. ಒದ್ದೆ ಬಟ್ಟೆ ಒತ್ತಿ ಬಿಡಿಸೋಣವೇ ಎಂದು ಮನೆಯಲ್ಲಿ ಒಬ್ಬರು ಹೊರಟೇಬಿಟ್ಟಿದ್ದರು; ಹಿಡಿದು ನಿಲ್ಲಿಸಬೇಕಾಯಿತು. ಕಾಡಿಗೆಯಿಂದ ಮಾಡಿದ ನಾಡಶಾಯಿ ನೀರು ತಗುಲಿದರೆ ಕರಗಿಹೋಗುತ್ತದೆ. ಲ್ಯಾಮಿನೇಶನ್ ಮಾಡಿಸುವುದು, ಸೆಲ್ಲೋಟೇಪ್ ಹಚ್ಚುವುದು ಇದಕ್ಕಿಂತ ಕೇಡು. ಆಮೇಲೆ ಪತ್ರಕ್ಕೆ ಪೆಟ್ಟಾಗದಂತೆ ಅದನ್ನು ಬಿಡಿಸುವುದು ಬಹಳ ಕಷ್ಟ. ಕಿಟಕಿಯ ಬಳಿ ಕಾಗದವನ್ನು ಚಪ್ಪಟೆಯಾಗಿ ಹರಡಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು, ಮೊಬೈಲಿನಲ್ಲಿ ಸಾಲುಸಾಲಾಗಿ ಚಿತ್ರ ತೆಗೆದೆವು. ಲೆಕ್ಕಣಿಕೆ ಒತ್ತಿದ ಗೀರು ಶಾಯಿ ಮಾಸಿದ ಮೇಲೂ ಕಾಗದದ ಮೇಲೆ ಉಳಿದಿರುತ್ತದೆ, ಓರೆ ಬೆಳಕಿಗೆ ಅದು ಎದ್ದು ಕಾಣುತ್ತದೆ. ಆಮೇಲಿನ ಓದೆಲ್ಲ ಚಿತ್ರದಿಂದಲೇ. ಪತ್ರಗಳು ಪೆಟ್ಟಿಗೆಗೆ ಮರಳಿದವು.

ಗೊತ್ತಿದ್ದ ಸಾಲಿನಿಂದ ಗೊತ್ತಿಲ್ಲದ ಸಾಲಿಗೆ

ಹಳೆಯ ಲಿಪಿ ಕಲಿಯಬೇಕೆಂದು ಬರುವವರು ಒಂದು ಅಕ್ಷರಮಾಲೆಯ ಪಟ್ಟಿ ಕೇಳುತ್ತಾರೆ. ಅಂಥ ಪಟ್ಟಿ ಇದ್ದರೂ ಅದರಿಂದ ದೊಡ್ಡ ಪ್ರಯೋಜನವಿಲ್ಲ. ಕಲಿಯಬೇಕಾದದ್ದು ಒಬ್ಬ ಬರಹಗಾರನ ಕೈಯನ್ನು. ಒಬ್ಬ ಶ್ಯಾನುಭೋಗನ ‘ಪ’ ಇನ್ನೊಬ್ಬನ ‘ವ’ದಂತೆ ಇರುತ್ತದೆ, ಮತ್ತೊಬ್ಬನ ‘ವು’ ಮತ್ತು ‘ಮ’ಗಳಿಗೆ ವ್ಯತ್ಯಾಸವೇ ಇರುವುದಿಲ್ಲ. ಆದರೆ ಅದೇ ಮನುಷ್ಯ ಅದೇ ಪತ್ರದಲ್ಲಿ ತನ್ನ ರೂಢಿ ಬಿಟ್ಟು ಬರೆಯುವುದು ಅಪರೂಪ. ಆದ್ದರಿಂದ ಪಟ್ಟಿಯನ್ನು ಪತ್ರದಿಂದಲೇ ಎತ್ತಿಕೊಳ್ಳಬೇಕು. ಅದಕ್ಕೆ ನಮ್ಮ ಹಿರಿಯರು ಒಂದು ಅನುಕೂಲ ಮಾಡಿಟ್ಟಿದ್ದಾರೆ: ಅವರ ಪತ್ರಗಳು ಕಟ್ಟಿಟ್ಟ ಒಕ್ಕಣೆಯಲ್ಲಿ ಶುರುವಾಗುತ್ತವೆ. “ಸ್ವಸ್ತಿಶ್ರೀ ಜಯಾಭ್ಯುದಯ ನೃಪ ಶಾಲಿವಾಹನ ಶಕ ವರುಷ” ಎಂದು ಬರುತ್ತದೆಂದು ಓದುವ ಮೊದಲೇ ಗೊತ್ತು. “ಬರಸಿಕೊಟ್ಟ ಕ್ರಮವೆಂತೆಂದರೆ” ಎಂಬುದೂ ಬಂದೇ ಬರುತ್ತದೆ. ಚಕ್ಕುಬಂದಿಯಲ್ಲಿ, ಅಂದರೆ ಜಮೀನಿನ ಎಲ್ಲೆ ಹೇಳುವಲ್ಲಿ, ಮೂಡಲು, ತೆಂಕಲು, ಪಡುವಲು, ಬಡಗಲು ಎಂಬ ನಾಲ್ಕು ದಿಕ್ಕುಗಳು ಇದ್ದೇ ಇರುತ್ತವೆ. ಈ ಸಾಲುಗಳಿಂದಲೇ ಸ, ಶ, ಜ, ಭ, ದ, ನ, ಪ, ಲ, ವ, ಹ, ಕ, ಮ, ಡ, ತ, ಬ, ಗ ಎಲ್ಲವೂ ಸಿಗುತ್ತವೆ. ಚಿತ್ರದಿಂದ ಒಂದೊಂದನ್ನು ಕತ್ತರಿಸಿ ಒಂದು ಹಾಳೆಯಲ್ಲಿ ಅಂಟಿಸಿಕೊಂಡರೆ ಅದೇ ಆ ಬರಹಗಾರನ ಅಕ್ಷರಮಾಲೆ. ಹುಡುಗಿ ಇದನ್ನು ಕಂಪ್ಯೂಟರಿನಲ್ಲಿ ನನಗಿಂತ ಅಚ್ಚುಕಟ್ಟಾಗಿ ಮಾಡಿದಳು.

ಪತ್ರದ ಕೊನೆಯಲ್ಲಿ ಸಾಕ್ಷಿಗಳ ಕೆಳಗೆ “ಬಿಕಲಂ” ಎಂದು ಬರೆದು ಬರಹಗಾರ ತನ್ನ ಹೆಸರು ಹಾಕಿರುತ್ತಾನೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಅದೇ ಹೆಸರು ಕಟ್ಟಿನ ಇನ್ನೊಂದು ಪತ್ರದಲ್ಲೂ ಕಂಡರೆ ಅದೇ ಕೈ. ಒಂದರಲ್ಲಿ ಹರಿದುಹೋದ ಅಕ್ಷರಕ್ಕೆ ಇನ್ನೊಂದು ಆಧಾರವಾಗುತ್ತದೆ. ನಮ್ಮ ಎರಡು ಪತ್ರಗಳ ಬಿಕಲಂ ಬೇರೆ ಬೇರೆ. ಬರೀ ಹೆಸರಷ್ಟೇ ಅಲ್ಲ, ಬರವಣಿಗೆಯ ಕಾಲವೇ ಬೇರೆಯೆನ್ನುವಂತಿತ್ತು.

ಭೋಗ್ಯಪತ್ರದಲ್ಲಿ ಪದಗಳ ನಡುವೆ ಜಾಗವಿಲ್ಲ. ಸಾಲು ತುಂಬುವವರೆಗೂ ಅಕ್ಷರ, ಪದ ಎಲ್ಲಿ ತುಂಡಾದರೂ ಚಿಂತೆಯಿಲ್ಲ. ಎಕಾರ ಒಕಾರಗಳಿಗೆ ದೀರ್ಘವಿಲ್ಲ: ‘ತೋಟ’ ಎಂಬುದು ‘ತೊಟ’, ‘ಮೇಲೆ’ ಎಂಬುದು ‘ಮೆಲೆ’. ‘ಈ’ ಎಂಬುದು ‘ಯೀ’, ‘ಒಂದು’ ಎಂಬುದು ‘ವೊಂದು’, ‘ನಮ್ಮ’ ಎಂಬುದು ‘ನಂಮ’. ಮಹಾಪ್ರಾಣಗಳು ಬಾಯಿಗೆ ಬಂದಂತೆ. ಬಿಡುಗಡೆ ಪತ್ರದಲ್ಲಿ ಪದಗಳ ನಡುವೆ ತಕ್ಕಮಟ್ಟಿಗೆ ಅಂತರವಿದೆ, ದೀರ್ಘದ ಗುರುತು ಹಲವು ಕಡೆ ಬಂದಿದೆ, ಗೆರೆ ಉಕ್ಕಿನ ನಿಬ್ಬಿನ ಹಾಗೆ ಒಂದೇ ಸಮ ತೆಳುವಾಗಿದೆ. ಶಾಲೆಯ ಮತ್ತು ಅಚ್ಚಿನ ಪುಸ್ತಕದ ಪರಿಚಯವಿದ್ದ ಕೈ ಇದು. ಒಂದೇ ವರ್ಷ ಇಬ್ಬರು ಬೇರೆ ವಯಸ್ಸಿನ ಬರಹಗಾರರು ಹೀಗೆ ಬೇರೆ ಬೇರೆಯಾಗಿ ಬರೆದಿರಲು ಸಾಧ್ಯ, ಆದ್ದರಿಂದ ಇಷ್ಟರಿಂದಲೇ ತೀರ್ಪು ಕೊಡುವಂತಿರಲಿಲ್ಲ. ಅನುಮಾನಕ್ಕೆ ಬಲ ಬಂತು, ಅಷ್ಟೇ.

ಎರಡು ಗೀಟು ಮತ್ತು ಒಂದು ಒಂಬತ್ತು

ದುಡ್ಡಿನ ವಿಷಯಕ್ಕೆ ಬರೋಣ. ನೋಟ್‌ಬುಕ್ಕಿನ ಪ್ರಕಾರ ಭೋಗ್ಯದ ಮೊತ್ತ ೪೫ ವರಹ, ಬಿಡಿಸಿಕೊಂಡಾಗ ಕೊಟ್ಟದ್ದು ೧೮೨ ರೂಪಾಯಿ, ಮೇಲೆ ಖರ್ಚು ೯೩॥ ರೂಪಾಯಿ. ಬಿಡುಗಡೆ ಪತ್ರದಲ್ಲೇ “ವರಹ ೧ಕ್ಕೆ ರೂ ೪ರಂತೆ” ಎಂದಿದೆ. ನಲವತ್ತೈದನ್ನು ನಾಲ್ಕರಿಂದ ಗುಣಿಸಿದರೆ 180. ಎರಡು ರೂಪಾಯಿ ಹೆಚ್ಚು ಬಂತು. ದೊಡ್ಡಜ್ಜ ಅದನ್ನು ಬಡ್ಡಿ ಎಂದು ಬಗೆದು ಸುಮ್ಮನಾಗಿದ್ದರು. ಆದರೆ ಭೋಗ್ಯದಲ್ಲಿ ಬಡ್ಡಿಯ ಮಾತು ಎಲ್ಲಿಂದ? ತೋಟದ ಫಸಲನ್ನು ಸಾಲ ಕೊಟ್ಟವನು ಅನುಭವಿಸುವುದೇ ಬಡ್ಡಿ.

ಭೋಗ್ಯಪತ್ರದ ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆವು. ‘ವರಹ’ ಎಂಬುದರ ಮುಂದೆ ೪, ೫, ಅದಾದ ಮೇಲೆ ಎರಡು ಲಂಬ ಗೀಟು. ಹಳೆಯ ಬರಹದಲ್ಲಿ ಈ ಜೋಡಿ ಗೀಟಿಗೆ ಕನಿಷ್ಠ ಮೂರು ಕೆಲಸಗಳಿವೆ. ವಾಕ್ಯ ಅಥವಾ ಶ್ಲೋಕ ಮುಗಿದುದಕ್ಕೆ ಗುರುತು ಒಂದು. ಪದವನ್ನು ಮೊಟಕುಗೊಳಿಸಿದ್ದಕ್ಕೆ ಗುರುತು ಇನ್ನೊಂದು: ಶುದ್ಧಕ್ಕೆ ಶು॥, ಬಹುಳಕ್ಕೆ ಬ॥, ಸಾಕಿನ್‌ಗೆ (ವಾಸದ ಊರು) ಸಾ॥, ಚಿರಂಜೀವಿಗೆ ಚಿ॥. ಅಂಕಿಯ ಮುಂದೆ ಬಂದಾಗ ಮಾತ್ರ ಅದು ಲೆಕ್ಕದ ಗುರುತು. ಒಂದು ಗೀಟು ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿ ಅವು ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ. ಅದರ ಮುಂದೆ ಅಡ್ಡಗೆರೆಗಳು ಬಂದರೆ ಒಂದೊಂದಕ್ಕೂ ಒಂದಾಣೆ. ದೊಡ್ಡಜ್ಜ ಇಲ್ಲಿ ಗೀಟನ್ನು ಪೂರ್ಣವಿರಾಮ ಮಾಡಿ ಬಿಟ್ಟುಬಿಟ್ಟಿದ್ದರು. ಅದು ಅರ್ಧ ವರಹ. ೪೫॥ ವರಹವನ್ನು ನಾಲ್ಕರಿಂದ ಗುಣಿಸಿದರೆ ಸರಿಯಾಗಿ 182. ಎರಡು ಪತ್ರಗಳು ಒಂದನ್ನೊಂದು ಒಪ್ಪಿಕೊಂಡವು. ಹಳೆಯ ಪತ್ರ ಓದುವವನಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಯಾವುದೂ ಇಲ್ಲ.

ಖರ್ಚಿನ ೯೩॥ ರೂಪಾಯಿಯ ಗುಟ್ಟು ಇನ್ನೂ ಸ್ವಾರಸ್ಯದ್ದು. ‘ಖರ್ಚು’ ಎಂಬ ಪದದ ರೇಫವನ್ನು ಬರಹಗಾರ ಅರ್ಕಾವೊತ್ತಾಗಿ ಹಾಕಿದ್ದಾನೆ, ಅಂದರೆ ‘ಚು’ ಬರೆದ ನಂತರ ಅದರ ಬಲಕ್ಕೆ. ಅರ್ಕಾವೊತ್ತಿಗೂ ಕನ್ನಡದ ಒಂಬತ್ತಕ್ಕೂ ರೂಪ ಒಂದೇ. ಪದದ ಮುಂದೆ ಮೊತ್ತ ಬಂದಿದೆ: ‘ಖಚು೯ ೩॥’. ಬರಹಗಾರ ನಡುವೆ ಜಾಗ ಬಿಡುವುದರಲ್ಲಿ ಸ್ವಲ್ಪ ಕಂಜೂಸಿ ಮಾಡಿದ್ದಾನೆ. ದೊಡ್ಡಜ್ಜ ‘ಖಚು’ ಎಂದು ಓದಿ, ಅದನ್ನು ಮನಸ್ಸಿನಲ್ಲೇ ಖರ್ಚು ಮಾಡಿಕೊಂಡು, ಒಂಬತ್ತನ್ನು ಮೂರಕ್ಕೆ ಸೇರಿಸಿ ತೊಂಬತ್ತಮೂರೂವರೆ ಮಾಡಿದರು. ಅದೇ ಪತ್ರದಲ್ಲಿ ‘ವರ್ಷ’, ‘ಪೂರ್ವ’ ಎಂಬ ಪದಗಳನ್ನೂ ಬರಹಗಾರ ‘ವಷ೯’, ‘ಪೂವ೯’ ಎಂದೇ ಬರೆದಿದ್ದಾನೆ. ಪಟ್ಟಿ ಮಾಡಿಕೊಂಡಿದ್ದರೆ ಅವನ ರೂಢಿ ತಿಳಿಯುತ್ತಿತ್ತು. ಖರ್ಚು ಮೂರೂವರೆ ರೂಪಾಯಿ. ಸಾಹುಕಾರ ಮೂರು ತಲೆಮಾರು ಬೈಸಿಕೊಂಡದ್ದು ಒಂದು ಅರ್ಕಾವೊತ್ತಿನ ದೆಸೆಯಿಂದ.

ಆಶ್ವೀಜವಲ್ಲ

ಇನ್ನು ತಿಂಗಳು. ಬಿಡುಗಡೆ ಪತ್ರದಲ್ಲಿ ದಿನ ಬರೆದ ಸಾಲಿನಲ್ಲಿ, ಸಂವತ್ಸರದ ಹೆಸರಾದ ಮೇಲೆ, ಶಾಯಿ ಹರಡಿ ಮಬ್ಬಾದ ಒಂದು ಪದ. ‘ಆ’ ಸ್ಪಷ್ಟ. ಅದರ ಮುಂದಿನದು ‘ಶ’ ಎಂಬುದೂ ಸ್ಪಷ್ಟ. ಕೊನೆಯ ಅಕ್ಷರ ಅರ್ಧ ಅಳಿಸಿದೆ. ಶ್ರಾವಣದಲ್ಲಿ ಹಾಕಿದ ಭೋಗ್ಯವನ್ನು ಬಿಡಿಸಿದ್ದು ಶ್ರಾವಣದ ನಂತರವೇ ತಾನೆ ಎಂದುಕೊಂಡವರಿಗೆ ‘ಆಶ್ವೀಜ’ ಬಿಟ್ಟು ಬೇರೇನೂ ತೋಚುವುದಿಲ್ಲ. ನಾವು ಅರ್ಥವನ್ನು ಬದಿಗಿಟ್ಟು ಆಕಾರ ನೋಡಿದೆವು. ಆಶ್ವೀಜವಾಗಿದ್ದರೆ ‘ಶ’ದ ಕೆಳಗೆ ವಕಾರದ ಒತ್ತು ಇಳಿಯಬೇಕು. ಈ ಬರಹಗಾರ ಒತ್ತುಗಳನ್ನು ಸಾಲಿನಿಂದ ಸಾಕಷ್ಟು ಕೆಳಕ್ಕೆ, ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವ ಹಾಗೆ ಇಳಿಸುತ್ತಾನೆ. ‘ವಿಶ್ವಾಸ’, ‘ಸ್ವಾಧೀನ’ ಎಂಬ ಪದಗಳಲ್ಲಿ ಅವು ಎದ್ದು ಕಾಣುತ್ತವೆ. ಇಲ್ಲಿ ‘ಶ’ದ ಕೆಳಗಿನ ಜಾಗ ಖಾಲಿ, ಕಾಗದ ಬಿಳಿಯಾಗಿ ಶುದ್ಧವಾಗಿದೆ. ಶಾಯಿ ಹರಡಿದ್ದು ಅಕ್ಷರದ ಬಲಕ್ಕೆ, ಕೆಳಕ್ಕಲ್ಲ. ಒತ್ತು ಇರಲೇ ಇಲ್ಲ. ‘ಶ’ಕ್ಕೆ ಬಲಗಡೆ ಇಳಿಯ ಕೊಕ್ಕೆ, ಆಮೇಲೆ ‘ಮೂಡಲು’ ಪದದಲ್ಲಿ ಸಿಕ್ಕ ‘ಡ’ದ ಮೇಲರ್ಧ. ಪದ ‘ಆಶಾಡ’. ಆಷಾಢವನ್ನು ಬಾಯಲ್ಲಿ ಆಡಿದಂತೆ ಬರೆದಿದ್ದಾನೆ.

ಹುಡುಗಿ ಥಟ್ಟನೆ, “ಆಷಾಢ ಶ್ರಾವಣಕ್ಕಿಂತ ಮೊದಲಲ್ಲವೇ?” ಎಂದಳು. ಒಂದೇ ವಿಕ್ರಮ ಸಂವತ್ಸರವಾದರೆ ಸುಬ್ರಾಯ ಭೋಗ್ಯಕ್ಕೆ ಹಾಕುವ ಮೊದಲೇ ತೋಟವನ್ನು ಬಿಡಿಸಿಕೊಂಡ ಹಾಗಾಯಿತು. ಬಿಡುಗಡೆ ಪತ್ರದ ಒಳಗೆ ಭೋಗ್ಯವನ್ನು ನೆನೆಯುವ ಸಾಲಿನಲ್ಲಿ ‘ಹಿಂ’ ಎಂಬುದರ ನಂತರ ಗೆದ್ದಲು ತಿಂದ ತೂತು, ಆಮೇಲೆ ‘ವಿಕ್ರಮ ಸಂವತ್ಸರದ ಶ್ರಾವಣ’. ದೊಡ್ಡಜ್ಜ ತೂತಿನಲ್ಲಿ ‘ಹಿಂದೆ ಇದೇ’ ಎಂದು ತುಂಬಿದ್ದರು. ತೂತಿಗೆ ‘ಹಿಂದಿನ’ ಎಂಬುದೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ತೂತಿನ ಬಗ್ಗೆ ವಾದ ಬೇಡ, ತೂತಿನಲ್ಲಿ ಏನೂ ಇಲ್ಲ. ತಿಂಗಳಿನ ಸಾಕ್ಷ್ಯವೇ ಸಾಕು.

ಸಂವತ್ಸರಗಳು ಅರವತ್ತು, ಮುಗಿದ ಮೇಲೆ ಮತ್ತೆ ಪ್ರಭವದಿಂದ. ಪ್ರಭವ ಬಂದದ್ದು 1867, 1927 ಮತ್ತು 1987ರಲ್ಲಿ. ಲೆಕ್ಕಕ್ಕೆ ಇನ್ನೊಂದು ಗಟ್ಟಿ ಗೂಟ ಬೇಕೆಂದರೆ ‘ಧಾತು ಈಶ್ವರದ ಬರ’ ಇದೆ: 1876-77 ಧಾತು, ಅದರ ಮರುವರ್ಷ ಈಶ್ವರ. ಧಾತುವಿನಿಂದ ನಾಲ್ಕು ಹೆಜ್ಜೆ ಮುಂದೆ ಎಣಿಸಿದರೆ 1880-81 ವಿಕ್ರಮ. ಅದರ ಹಿಂದಿನ ವಿಕ್ರಮ 1820-21, ಶಕ 1742. ಶಕ 1802ಕ್ಕೂ 1742ಕ್ಕೂ ಕೊನೆಯ ಅಂಕಿ ಒಂದೇ, ಅರವತ್ತರ ಸುತ್ತಿನಲ್ಲಿ ಅದು ಯಾವಾಗಲೂ ಹಾಗೆಯೇ. ಭೋಗ್ಯಪತ್ರದಲ್ಲಿ ಉಳಿದಿದ್ದ ಒಂಟಿ ೨ ಇದರಿಂದಾಗಿ ಯಾರ ಪರವೂ ಸಾಕ್ಷಿ ಹೇಳುವಂತಿರಲಿಲ್ಲ.

ಹೇಳಿದ್ದು ವಾರ. ಭೋಗ್ಯಪತ್ರದಲ್ಲಿ ‘ಶ್ರಾವಣ ಬ॥ ೩೦ ಗುರುವಾರ’ ಎಂದಿದೆ. ೩೦ ಎಂದರೆ ಅಮಾವಾಸ್ಯೆ, ಪಂಚಾಂಗದಲ್ಲಿ ಇಂದಿಗೂ ಹಾಗೆಯೇ ಬರೆಯುತ್ತಾರೆ. 1880ರಲ್ಲಿ ಶ್ರಾವಣ ಅಮಾವಾಸ್ಯೆ ಬಂದದ್ದು ಸೆಪ್ಟೆಂಬರ್ 4, ಶನಿವಾರ. 1820ರಲ್ಲಿ ಸೆಪ್ಟೆಂಬರ್ 7, ಗುರುವಾರ. ಆ ದಿನ ಯುರೋಪಿನಲ್ಲಿ ಕಂಕಣ ಸೂರ್ಯಗ್ರಹಣವಾಗಿತ್ತು, ಆದ್ದರಿಂದ ಅಂದು ಅಮಾವಾಸ್ಯೆ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ತಿಥಿ, ವಾರ ಎರಡನ್ನೂ ಬರೆಯುವ ನಮ್ಮ ಹಿರಿಯರ ಪದ್ಧತಿಯನ್ನು ಇಂದಿನವರು ಶಾಸ್ತ್ರದ ಗೊಡವೆ ಎಂದುಕೊಳ್ಳುತ್ತಾರೆ. ಕಾಲ ನಿರ್ಣಯಕ್ಕೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಶಕ ವರ್ಷ ಉದುರಿಹೋದರೂ ಸಂವತ್ಸರ, ಮಾಸ, ತಿಥಿ, ವಾರ ನಾಲ್ಕೂ ಉಳಿದಿದ್ದರೆ ದಿನ ಸಿಕ್ಕಿತೆಂದೇ ಲೆಕ್ಕ. ಹಳೆಯ ವರ್ಷಗಳ ಪಂಚಾಂಗ ಗಣಿಸಿ ಕೊಡುವ ತಂತ್ರಾಂಶಗಳು ಈಗ ಮೊಬೈಲಿನಲ್ಲೇ ಇವೆ. ಒಂದು ಎಚ್ಚರಿಕೆ: ತಿಥಿ ಸೂರ್ಯೋದಯದ ಲೆಕ್ಕದ್ದು, ಒಂದು ದಿನದ ಹೆಚ್ಚುಕಡಿಮೆಗೆ ಹೆದರಬಾರದು, ಎರಡು ದಿನ ತಪ್ಪಿದರೆ ವರ್ಷವನ್ನೇ ಅನುಮಾನಿಸಬೇಕು.

ದೊಡ್ಡಪ್ಪ ಇಲ್ಲಿ ಒಂದು ಆಕ್ಷೇಪ ತೆಗೆದರು. ಅಮಾವಾಸ್ಯೆಯ ದಿನ ಯಾರಾದರೂ ತೋಟದ ಪತ್ರ ಬರೆಸುತ್ತಾರೆಯೇ? ಒಳ್ಳೆಯ ಪ್ರಶ್ನೆ. ಪತ್ರದ ಒಳಗೇ ಉತ್ತರವಿತ್ತು. ಹಣ ಆ ದಿನ ಕೈ ಬದಲಿಸಿದ್ದಲ್ಲ. ಮೊದಲೇ ಕೊಟ್ಟಿದ್ದ ಕೈಸಾಲಕ್ಕೆ ಸಾಹುಕಾರ ಬಂದು ಕುಳಿತು ಪತ್ರ ಬರೆಸಿಕೊಂಡದ್ದು. ಸಾಲ ಕೊಟ್ಟವನು ಮನೆಯ ಜಗುಲಿಯಲ್ಲಿ ಕುಳಿತಾಗ ತಿಥಿ ನೋಡುವವರು ಕಡಿಮೆ.

ಉಳಿದ ಸಾಕ್ಷ್ಯಗಳು

ಇಷ್ಟಾದ ಮೇಲೆ ಬೇರೆ ಸಂಗತಿಗಳು ತಾವಾಗಿ ಬಂದು ಕೂಡಿಕೊಂಡವು. ಭೋಗ್ಯಪತ್ರ ವರಹದಲ್ಲಿದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಇಂಗ್ಲಿಷರ ಕೈಸೇರಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತು. ಆ ಶತಮಾನದ ಆರಂಭದ ಪತ್ರಗಳಲ್ಲಿ ವರಹದ ಲೆಕ್ಕ ಸಹಜ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ಬಿಡುಗಡೆ ಪತ್ರ ಆಮೇಲಿನದು, ರೂಪಾಯಿ ಆಣೆಯದು. ನಮ್ಮ ಜಿಲ್ಲೆಯ ವಂಶ ಹುಡುಕುವವರು ಈ 1862ನ್ನು ನೆನಪಿನಲ್ಲಿಡಬೇಕು: ಅದಕ್ಕೆ ಮುಂಚಿನ ಸರಕಾರಿ ಪತ್ರವ್ಯವಹಾರದ ಜಾಡು ಚೆನ್ನೈ ಕಡೆಗೆ ಹೋಗುತ್ತದೆ, ನಂತರದ್ದು ಮುಂಬಯಿ ಕಡೆಗೆ. ಮುಂಬಯಿ ಪದ್ಧತಿಯ ಸರ್ವೆ ಮುಗಿದ ಊರಿನ ಪತ್ರಗಳಲ್ಲಿ ಸರ್ವೆ ನಂಬರು, ಎಕರೆ, ಗುಂಟೆ, ಆಣೆ ಬರುತ್ತವೆ. ಅದಕ್ಕೆ ಮೊದಲು ಮರದ ಲೆಕ್ಕ, ಹಳ್ಳ, ಧರೆ, ಸೊಪ್ಪಿನ ಬೆಟ್ಟ ಇವೇ ಗುರುತು.

ಚಕ್ಕುಬಂದಿ ಇನ್ನೊಂದು ಸಾಕ್ಷಿ. ಎರಡೂ ಪತ್ರಗಳಲ್ಲಿ ಪಡುವಲು ಹಳ್ಳ, ಬಡಗಲು ಸೊಪ್ಪಿನ ಬೆಟ್ಟ. ಮೂಡಲು ಮಾತ್ರ ಬದಲಾಗಿದೆ. ಮೊದಲ ಪತ್ರದಲ್ಲಿ ಒಬ್ಬನ ತೋಟವಾಗಿದ್ದದ್ದು ಎರಡನೆಯದರಲ್ಲಿ ಮೂವರ ಹಿಸ್ಸೆಯಾಗಿದೆ. ನೆರೆಯವರ ಮನೆಯಲ್ಲಿ ಪಾಲು ಆಗುವಷ್ಟು ಕಾಲ ಕಳೆದಿದೆ ಎಂದಾಯಿತು. ಸಾಹುಕಾರನ ಹೆಸರೂ ಎರಡು ಪತ್ರಗಳಲ್ಲಿ ಬೇರೆ ಬೇರೆ. ದೊಡ್ಡಜ್ಜ ಅವರಿಬ್ಬರನ್ನು ಅಣ್ಣತಮ್ಮಂದಿರೆಂದು ಮಾಡಿದ್ದರು.

ಹಾಗಾದರೆ ಅರವತ್ತು ವರ್ಷ ಬಿಟ್ಟು, ಆಷಾಢದ ಮಳೆಯಲ್ಲಿ, ನಾಟಿಯ ಕೆಲಸದ ನಡುವೆ, ಕೈಯಲ್ಲಿ ಅಡಿಕೆಯ ದುಡ್ಡಿಲ್ಲದ ಕಾಲದಲ್ಲಿ ತೋಟ ಬಿಡಿಸಿಕೊಳ್ಳುವ ಅವಸರವೇನಿತ್ತು? ಹುಡುಗಿಯ ಮೊದಲ ಪ್ರಶ್ನೆ ಬೇರೆ ರೂಪದಲ್ಲಿ ಮತ್ತೆ ಎದ್ದಿತು. ಇದಕ್ಕೆ ನಾನು ಕೊಡುವ ಉತ್ತರ ಊಹೆ, ಆದರೆ ಬುಡವಿರುವ ಊಹೆ. 1877ರ ಕಾಲಮಿತಿ ಕಾಯ್ದೆಯಲ್ಲಿ ಅಡವು ಬಿಡಿಸಿಕೊಳ್ಳುವ ದಾವೆಗೆ ಇದ್ದ ಅವಧಿ 60 ವರ್ಷ. ಈ ಭೋಗ್ಯಕ್ಕೆ ಗಡುವು ಹಾಕಿಲ್ಲ, “ಹಣ ಸಂದ ದಿನ ತೊಟ ಬಿಡುವುದು” ಎಂದಷ್ಟೇ ಇದೆ. 1820ರ ಸೆಪ್ಟೆಂಬರಿನಿಂದ ಎಣಿಸಿದರೆ 1880ರ ಸೆಪ್ಟೆಂಬರಿಗೆ ಅವಧಿ ಮುಗಿಯುತ್ತಿತ್ತು. ಆಷಾಢದಲ್ಲಿ ಉಳಿದಿದ್ದದ್ದು ಎರಡು ತಿಂಗಳಿಗಿಂತ ಕಡಿಮೆ. ವಿಕ್ರಮ ಮತ್ತೆ ಬಂತೆಂದರೆ ಅರವತ್ತು ತುಂಬಿತು ಎಂಬುದು ಪಂಚಾಂಗ ಬಲ್ಲ ಯಾವ ಮನೆಗೂ ವಕೀಲರಿಲ್ಲದೆ ತಿಳಿಯುವ ಲೆಕ್ಕ. ಎರಡು ತಿಂಗಳಲ್ಲಿ ಸಾಲ ತೀರಿಸಿದ ಗಟ್ಟಿಗನ ಬದಲು, ಎರಡು ತಿಂಗಳು ಉಳಿದಿರುವಾಗ ಅಜ್ಜನ ತೋಟವನ್ನು ಮರಳಿ ತಂದ ಮೊಮ್ಮಗ ಸಿಕ್ಕಿದ. ನನಗೆ ಇವನೇ ಹೆಚ್ಚು ಇಷ್ಟವಾದ.

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ಈ ಕಡೆಯ ರೂಢಿ. ಗಣಪನ ಮಗ ಸುಬ್ರಾಯ, ಅವನ ಮಗ ಗಣಪ, ಅವನ ಮಗ ಮತ್ತೆ ಸುಬ್ರಾಯ. ಎರಡು ಪತ್ರಗಳಲ್ಲೂ ‘ಸುಬ್ರಾಯ ಬಿನ್ ಗಣಪ’ ಎಂದಿರುವುದು ತಪ್ಪಲ್ಲ, ಇಬ್ಬರೂ ಗಣಪನ ಮಕ್ಕಳೇ, ಗಣಪರು ಮಾತ್ರ ಬೇರೆ. ನೋಟ್‌ಬುಕ್ಕಿನ ಮರದಲ್ಲಿ ಎರಡು ತಲೆಮಾರು ಹೀಗೆ ಮಡಿಚಿಹೋಗಿದ್ದವು.

ಹಿಂಬದಿಯ ಅಂಟುಕಾಗದವನ್ನು ನಾವು ಮುಟ್ಟಲಿಲ್ಲ. ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಪತ್ರಗಳಿಗೆ ಆಗಲೇ ನೋಂದಣಿ ಕಡ್ಡಾಯವಾಗಿತ್ತು. ಆದ್ದರಿಂದ 182 ರೂಪಾಯಿಯ ಈ ಬಿಡುಗಡೆ ಪತ್ರದ ನಕಲು ನೋಂದಣಿ ಪುಸ್ತಕದಲ್ಲಿ ಇರಲೇಬೇಕು ಎಂದು ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿದೆ. ಅರ್ಜಿ ಹಾಕುವಾಗ ಇಸವಿ, ತಿಂಗಳು, ಬರೆದುಕೊಟ್ಟವನ ಹೆಸರು, ಊರು ಇಷ್ಟು ಹೇಳಿದರೆ ಸೂಚಿಯಲ್ಲಿ ಹುಡುಕಲು ಸುಲಭ. ‘ನಮ್ಮ ಅಜ್ಜನ ಪತ್ರ ಬೇಕು’ ಎಂದರೆ ಯಾವ ಗುಮಾಸ್ತನೂ ಏನೂ ಮಾಡಲಾರ. ಪ್ರತಿ ಬರಲು ಕಾಲ ಹಿಡಿಯಿತು. ಬಂದದ್ದರಲ್ಲಿ ನೋಂದಣಿಯ ತಾರೀಖು ಇಂಗ್ಲಿಷ್ ತಿಂಗಳಿನಲ್ಲಿತ್ತು: 1880ರ ಜುಲೈ. ಆಷಾಢವೇ. ಗೆದ್ದಲು ತಿಂದ ಸಾಲೂ ಅದರಲ್ಲಿ ಇಡಿಯಾಗಿತ್ತು: “ಹಿಂದಿನ ವಿಕ್ರಮ ಸಂವತ್ಸರದ ಶ್ರಾವಣ ಬಹುಳದಲ್ಲಿ ನಂಮ ಅಜ್ಜನವರು ಬರಕೊಟ್ಟ ಭೋಗ್ಯ”. ಮೂಲಪತ್ರದಲ್ಲಿ ‘ನಂಮ ಅಜ್ಜನವರು’ ಎಂಬುದು ಬಿದ್ದದ್ದು ಮುಂದಿನ ಮಡಿಕೆಯ ಬಿರುಕಿನಲ್ಲಿ.

ಮೊದಲೇ ಪ್ರತಿ ತರಿಸಿದ್ದರೆ ಇಷ್ಟು ಕಣ್ಣುನೋವು ಏಕೆ ಎಂದು ದೊಡ್ಡಪ್ಪ ಕೇಳಿದರು. ತಿಂಗಳೇ ಖಚಿತವಿಲ್ಲದೆ ಯಾವ ಪುಸ್ತಕ ತೆಗೆಯಲು ಹೇಳುವುದು? ಅಲ್ಲದೆ 1820ರ ಪತ್ರಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ, ಅದನ್ನು ಕಡ್ಡಾಯ ಮಾಡಿದ ಕಾಯ್ದೆ ಬಂದದ್ದೇ 1864ರಲ್ಲಿ. ಅದನ್ನು ಕಣ್ಣಿನಿಂದಲೇ ಓದಬೇಕು.

ದೊಡ್ಡಜ್ಜನ ನೋಟ್‌ಬುಕ್ಕನ್ನು ತಿದ್ದಬಾರದೆಂದು ನಾನು ಹೇಳಿದೆ. ಅವರು ಓದಿದ್ದು ಹಾಗೆ ಎಂಬುದೂ ಒಂದು ದಾಖಲೆ. ಹುಡುಗಿ ಹೊಸ ಮರವನ್ನು ಬೇರೆ ಹಾಳೆಯಲ್ಲಿ ಬರೆದು, ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಅದು ಯಾವ ಪತ್ರದ ಯಾವ ಸಾಲಿನಿಂದ ಬಂತೆಂದು ಗುರುತು ಹಾಕಿ ಒಳಗಿಟ್ಟಿದ್ದಾಳೆ. ಓದಿ ನಕಲು ಮಾಡುವಾಗ ಮೂಲದ ತಪ್ಪು ಕಾಗುಣಿತವನ್ನು ಹಾಗೆಯೇ ಉಳಿಸುವುದು, ತನ್ನ ಊಹೆಯನ್ನು ಚೌಕ ಕಂಸದೊಳಗೆ ಹಾಕುವುದು, ಹರಿದಲ್ಲಿ ಚುಕ್ಕಿ ಇಡುವುದು ಅವಳಿಗೆ ಈಗ ರೂಢಿಯಾಗಿದೆ. ನಡುವಿನ ಗಣಪನ ಹೆಂಡತಿಯ ಹೆಸರು ಇನ್ನೂ ಸಿಕ್ಕಿಲ್ಲ. ಗಂಡಸರ ಹೆಸರಿಗೆ ‘ಬಿನ್’ ಇರುವಂತೆ ಹೆಂಗಸರ ಹೆಸರಿಗೆ ‘ಕೋಂ’ ಎಂದು ಗಂಡನ ಹೆಸರು ಸೇರಿಸುವ ಪದ್ಧತಿ ಪತ್ರಗಳಲ್ಲಿತ್ತು, ಆದರೆ ಹೆಂಗಸರು ಪತ್ರಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ವಿಧವೆಯರಾದ ಮೇಲೆ. ಕಟ್ಟಿನಲ್ಲಿ ಒಂದು ಗೇಣಿ ಚೀಟಿಯಿದೆ. ಅದರಲ್ಲಿ ‘ಕೋಂ ಗಣಪ’ ಎಂಬುದು ಓದಿಗೆ ದಕ್ಕಿದೆ, ಅದರ ಹಿಂದಿನ ಮೂರು ಅಕ್ಷರ ದಕ್ಕಿಲ್ಲ. ಬರಹಗಾರ ಮೂರನೆಯವನು, ಅವನ ಪಟ್ಟಿ ಈಗಷ್ಟೇ ಶುರುವಾಗಿದೆ.